ದಫ್ತರದಲ್ಲಿ ಸಿಗದ ಗಡದ ಊರು

ಈ ಹುಡುಕಾಟಕ್ಕೆ ಕಾರಣ ನನ್ನ ತಂಗಿಯ ಮಗ. ಕಂಪನಿ ಕೆಲಸದ ಮೇಲೆ ಫ್ರಾನ್ಸಿಗೆ ಹೋದವನು ರಜೆಯ ಒಂದು ದಿನ ನೀಸ್ ಪಟ್ಟಣದಿಂದ ಗೈಡ್ ಜೊತೆ ವ್ಯಾನಿನಲ್ಲಿ ಹೊರಟು, ಮಧ್ಯಯುಗದ ಗುಡ್ಡದೂರುಗಳನ್ನು ಸುತ್ತಿ ಬಂದ. ಎಝ್, ಸೇನ್ ಪೋಲ್ ದ ವಾನ್ಸ್, ಗುರ್ದೋನ್. ಎಝ್ ಸಮುದ್ರದ ದಂಡೆಯಿಂದ 400 ಮೀಟರಿಗೂ ಎತ್ತರದಲ್ಲಿ, ಹದ್ದಿನ ಗೂಡಿನ ಹಾಗೆ ಕೂತಿದೆ. ಫೋಟೋ ತೋರಿಸುತ್ತ ಕೇಳಿದ: “ಮಾಮಾ, ಗುಡ್ಡ ನಮ್ಮ ಕಡೆನೂ ಅದಾವ. ಮ್ಯಾಲ ಊರು ಯಾಕ ಇಲ್ಲ?”

ನಾನಿರುವುದು ಗೋಕಾಕ ತಾಲೂಕಿನ ಮಮದಾಪುರದಲ್ಲಿ. ಮೇಷ್ಟರ ಕೆಲಸದಿಂದ ನಿವೃತ್ತಿಯಾದ ಮೇಲೆ ಹಳೆಯ ಕಾಗದ ಓದುವ ಚಟ ಹತ್ತಿದೆ. ಇಂಥ ಪ್ರಶ್ನೆಗೆ ಚಹಾ ಕುಡಿಯುತ್ತಲೇ ಉತ್ತರ ಹೇಳಿಬಿಡಬಹುದು ಅಂದುಕೊಂಡಿದ್ದೆ. ಎರಡು ವರ್ಷ ಹಿಡಿಯಿತು.

ಮೊದಲ ಪೆಟ್ಟು ಸ್ವಂತ ಊರಿನಿಂದಲೇ. ಗ್ರಂಥಾಲಯವೊಂದರಲ್ಲಿ ಮಮದಾಪುರದ ಬಗ್ಗೆ ಏನಿದ್ದರೂ ಕೊಡಿ ಅಂತ ಚೀಟಿ ಬರೆದುಕೊಟ್ಟೆ. ಬಂದದ್ದೆಲ್ಲ ಮುಹಮ್ಮದ್ ಆದಿಲ್‌ಶಾಹನ ಕಾಲದ ದೊಡ್ಡ ಕೆರೆಯ ಸಂಗತಿ. ಅರ್ಧ ದಿನ ಟಿಪ್ಪಣಿ ಮಾಡಿದ ಮೇಲೆ ತಿಳಿಯಿತು, ಅದು ವಿಜಯಪುರ ಜಿಲ್ಲೆಯ ಮಮದಾಪುರ. ನಮ್ಮದಲ್ಲ. ಆವತ್ತಿನಿಂದ ಯಾವ ಊರಿನ ಹೆಸರು ಬರೆದರೂ ಪಕ್ಕದಲ್ಲಿ ಹೊಳೆಯ ಹೆಸರನ್ನೂ ಬರೆದುಕೊಳ್ಳುತ್ತೇನೆ.

ಈ ರೂಢಿ ಬೇಗನೆ ಉಪಯೋಗಕ್ಕೆ ಬಂತು. ಗೋಕಾಕ ಫಾಲ್ಸ್ ಹತ್ತಿರದ ಕೊಣ್ಣೂರಿಗೆ ಹಳೆಯ ಹೆಸರು ‘ಕೊಂಡನೂರು’. ಸೌದತ್ತಿಯ ರಟ್ಟರ ಶಾಸನಗಳನ್ನು 1870ರ ದಶಕದಲ್ಲಿ ಅಚ್ಚು ಹಾಕಿಸಿದ ಜೆ. ಎಫ್. ಫ್ಲೀಟ್ ಅದರಲ್ಲಿ ಈ ಊರಿನ ಶಾಸನವನ್ನೂ ಸೇರಿಸಿದ್ದಾನೆ. ಶಕ 1009, ಅಂದರೆ 1087. ನಿಧಿಯಮ ಗಾವುಂಡ ಅಲ್ಲಿ ಬಸದಿ ಕಟ್ಟಿಸಿದ ಕಾಲ. ಕೊಂಡ ಎಂದರೆ ಬೆಟ್ಟ, ಬೆಟ್ಟದೂರು ಸಿಕ್ಕಿತು ಅಂತ ಕುಣಿದಾಡಿದೆ. ಆದರೆ ಹಾಗೆ ಅನ್ನುವವರು ತೆಲುಗರು. ನಮ್ಮಲ್ಲಿ ಕೊಂಡ ಅಂದರೆ ಜಾತ್ರೆಯಲ್ಲಿ ಹಾಯುವ ಕೆಂಡದ ಕುಣಿ. ಊರೋ, ಘಟಪ್ರಭೆಯ ದಂಡೆಗೇ ಇದೆ.

ಇದರ ನಡುವೆ ಇನ್ನೊಂದು ಕೊಣ್ಣೂರು ಅಡ್ಡ ಬಂತು. ಅಮೋಘವರ್ಷನ ಹೆಸರಿನ ಕೊಣ್ಣೂರು ಶಾಸನ, ಶಕ 782. ಎರಡೂರನ್ನು ಒಂದೇ ಮಾಡಿ ನಮ್ಮ ಕೊಣ್ಣೂರಿಗೆ ಇನ್ನೂರು ವರ್ಷ ಆಯುಷ್ಯ ಹೆಚ್ಚಿಸಿಬಿಡುತ್ತಿದ್ದೆ. ಹೊಳೆಯ ಹೆಸರು ಕಾಪಾಡಿತು: ಅದು ಮಲಪ್ರಭೆ ಕಡೆಯ ಕೊಣ್ಣೂರು, ಹಳೆಯ ‘ಕೊಳನೂರು’. ಆ ಕಲ್ಲನ್ನು ಓದಿದ ಕೀಲ್‌ಹಾರ್ನ್ ಅದನ್ನು ಕೂಟಶಾಸನ ಅಂದ. ಕಲ್ಲಿನ ಕಾಲವೇ ಬೇರೆ, ಅದು ಹೇಳಿಕೊಳ್ಳುವ ಕಾಲವೇ ಬೇರೆ. ತಾಮ್ರಪಟದಲ್ಲಿದ್ದುದನ್ನು ಕಲ್ಲಿಗೆ ಇಳಿಸಿದ್ದೇವೆ ಅಂತ ಕಲ್ಲೇ ಹೇಳಿಕೊಳ್ಳುತ್ತದೆ. ಕಾಗದಕ್ಕಿಂತ ಕಲ್ಲು ಸತ್ಯವಂತ ಅನ್ನುವ ನಂಬಿಕೆ ನನಗಿತ್ತು. ಅದನ್ನು ಅಲ್ಲೇ ಬಿಟ್ಟೆ.

ಹಾಗಾದರೆ ಗುಡ್ಡದ ಮೇಲೆ ಯಾರು ಇದ್ದರು?

ದಾರಿ ತೋರಿಸಿದ್ದು ದೂರದ ಒಂದು ಪುಸ್ತಕ. ಫ್ರೆಂಚ್ ಇತಿಹಾಸಕಾರ ಪಿಯರ್ ತೂಬೇರ್ ರೋಮ್ ಸುತ್ತಿನ ಲಾಟಿಯಮ್ ಸೀಮೆಯ ಗುಡ್ಡದೂರುಗಳ ಮೇಲೆ 1973ರಲ್ಲಿ ದೊಡ್ಡ ಗ್ರಂಥ ಪ್ರಕಟಿಸಿದ. ಕಡಲ ದಾಳಿಕೋರರಿಗೆ ಹೆದರಿ ಜನ ಗುಡ್ಡ ಹತ್ತಿದರು ಎಂಬುದು ಗೈಡುಗಳು ಇಂದಿಗೂ ಹೇಳುವ ಕತೆ. ತೂಬೇರ್ ಫಾರ್ಫಾದಂಥ ಮಠಗಳ ದಾನಪತ್ರ, ಗೇಣಿಪತ್ರ ಓದಿ ಬೇರೆಯದನ್ನೇ ಕಂಡ. ಹತ್ತರಿಂದ ಹನ್ನೆರಡನೇ ಶತಮಾನದಲ್ಲಿ ಒಡೆಯರೇ ಚದುರಿದ ಒಕ್ಕಲನ್ನು ಮೇಲೆ ಕೂಡಿಹಾಕಿದ್ದರು, ಹೊಲವನ್ನೂ ಹೊಸದಾಗಿ ಹಂಚಿದ್ದರು. ನಾನು ಅವನಿಂದ ಕಲಿತದ್ದು ಇಷ್ಟೇ: ಗುಡ್ಡದ ಊರನ್ನು ಹುಡುಕುವವನು ಗುಡ್ಡ ನೋಡಬಾರದು, ಕೆಳಗಿನ ಹೊಲದ ಕಾಗದ ನೋಡಬೇಕು.

ನಮ್ಮ ಕಡೆ ಆ ಹೊಲದ ಲೆಕ್ಕವೇ ಬೇರೆ. ಕೆಳಗೆ ಎರಿ ಭೂಮಿ, ಹೊಳೆ ನೀರು. ಮೇಲೆ ಮರಡಿ, ಬರೀ ಕಲ್ಲು. ಎಝ್ ಇರುವ ಪ್ರೊವೆನ್ಸ್ ಸೀಮೆಯ ರೈತ ಇಳಿಜಾರಿಗೆ ಕಲ್ಲಿನ ಒಡ್ಡು ಹಾಕಿ ಆಲಿವ್ ಬೆಳೆದ. ನಮ್ಮವನಿಗೆ ಜ್ವಾರಿ ಕೊಡುವುದು ಕೆಳಗಿನ ನೆಲವೇ. ದಂಡು ಬಂದರೆ ಗುಡ್ಡಕ್ಕೆ ಓಡುವ ಬದಲು ಊರ ನಡುವೆಯೇ ಹುಡೇವು, ಅಂದರೆ ಕಾವಲಿನ ಬುರುಜು, ಕಟ್ಟಿಕೊಂಡ. ಮೇಲೆ ಇದ್ದವರು ಯಾರೆಂದರೆ, ಮೇಲೆ ಇರುವುದಕ್ಕಾಗಿಯೇ ಕೆಳಗೆ ಹೊಲ ಪಡೆದವರು: ಗಡ ಕಾಯುವ ಗಡಕರಿಗಳು.

1884ರ ಬೆಳಗಾವಿ ಗೆಜೆಟಿಯರ್ ತೆಗೆದು ನೋಡಿ. ಕ್ಯಾಂಪ್‌ಬೆಲ್ ಸಂಪಾದಿಸಿದ ಮುಂಬಯಿ ಸರಣಿಯ ಇಪ್ಪತ್ತೊಂದನೇ ಸಂಪುಟ. ಅದರಲ್ಲಿ ಊರಿಗೆ ಜನಸಂಖ್ಯೆ, ಸಂತೆ, ಗುಡಿ ಎಲ್ಲ ಉಂಟು. ಗಡಗಳ ಸಾಲುಗಳಲ್ಲಿ ಯಾರು ಕಟ್ಟಿದ, ಯಾರು ಗೆದ್ದ ಎಂಬುದೇ ಮುಖ್ಯ. ಗಡದಲ್ಲಿ ಒಲೆ ಹಚ್ಚಿದವರ ವಿಷಯಕ್ಕೆ ಜಾಗ ಸಿಕ್ಕಿಲ್ಲ. ಅವರು ಇರುವುದು ಇನಾಮು, ವತನ, ಸನದಿನ ಪಟ್ಟಿಯಲ್ಲಿ. ಸಂಗೊಳ್ಳಿ ರಾಯಣ್ಣ ಶೇತಸನದಿ ಆಗಿದ್ದ ಅಂತ ನಾವೆಲ್ಲ ಓದಿದ್ದೇವೆ. ಶೇತ ಅಂದರೆ ಹೊಲ, ಕಾವಲು ಚಾಕರಿಗೆ ಸನದಿನ ಮೇಲೆ ಕೊಟ್ಟ ಹೊಲ. ಗಡಕರಿಯದೂ ಇದೇ ಜಾತಿಯ ಬದುಕು.

ಆ ಪಟ್ಟಿಗಳು ಮೋಡಿ ಲಿಪಿಯಲ್ಲಿವೆ. ಮುಂಬಯಿ ಪ್ರಾಂತದ ಕಾಲದ ಈ ಸೀಮೆಯ ಹಳೆಯ ಕಂದಾಯದ ಕಾಗದ ಕೈಗೆ ಬಂದವರಿಗೆ ಮೋಡಿಯ ಕಾಟ ಗೊತ್ತು. ಮೊದಲು ಹಾಳೆಯ ಈ ಅಂಚಿನಿಂದ ಆ ಅಂಚಿಗೆ ಒಂದು ಗೆರೆ ಎಳೆಯುತ್ತಾರೆ, ಅದಕ್ಕೆ ಅಕ್ಷರಗಳನ್ನು ತೋರಣದ ಎಲೆಯ ಹಾಗೆ ಲೇಖನಿ ಎತ್ತದೆ ತೂಗುಹಾಕುತ್ತ ಹೋಗುತ್ತಾರೆ. ಪದ ಎಲ್ಲಿ ಮುಗಿಯಿತೋ ಬರೆದವನಿಗೇ ಗೊತ್ತು. ಇಕಾರ, ಉಕಾರಗಳಲ್ಲಿ ಹ್ರಸ್ವ, ದೀರ್ಘ ಅನ್ನುವ ಭೇದವಿಲ್ಲ. ಹುಕ್ಕೇರಿ ಕಡೆಯ ಹಿರಿಯರೊಬ್ಬರ ಮುಂದೆ ಕೂತು ಕಲಿತೆ. ಸಂಜೆಗೆ ನಾಲ್ಕು ಸಾಲು ದಾಟಿದರೆ ಅವರು ಚಹಾಕ್ಕೆ ಹೇಳುತ್ತಿದ್ದರು. ಹೆಚ್ಚಿನ ಸಂಜೆ ಚಹಾ ಬರಲಿಲ್ಲ.

ಆ ಪಟ್ಟಿಗಳಿಗೆ ಎಂಥ ತೂಕ ಇತ್ತು ಎಂಬುದಕ್ಕೆ 1844 ಸಾಕ್ಷಿ. ಸಂಕೇಶ್ವರದಿಂದ ನೈಋತ್ಯಕ್ಕೆ, ಈಗ ಮಹಾರಾಷ್ಟ್ರದ ಗಡಹಿಂಗ್ಲಜ ತಾಲೂಕಿನಲ್ಲಿ ಸಾಮಾನಗಡ ಇದೆ. ಶಿಲಾಹಾರ ಎರಡನೇ ಭೋಜ ಕಟ್ಟಿಸಿದ್ದು ಅಂತ ಪ್ರತೀತಿ. ಕೊಲ್ಹಾಪುರದ ಆಡಳಿತಕ್ಕೆ ಇಂಗ್ಲಿಷರು ಕೂರಿಸಿದ ದಾಜಿ ಕೃಷ್ಣ ಪಂಡಿತ, ಗಡಕರಿಗಳ ಜಮೀನಿನ ಉಸ್ತುವಾರಿಯನ್ನು ಗಡದಿಂದ ಕಿತ್ತು ಮಾಮಲೇದಾರರ ಕೈಗೆ ಕೊಟ್ಟ. ಕಚೇರಿಯಲ್ಲಿ ಕೂತವನಿಗೆ ಇದು ಒಂದು ವಹಿಯಿಂದ ಇನ್ನೊಂದು ವಹಿಗೆ ಹೆಸರು ಎತ್ತಿ ಬರೆದಷ್ಟೇ. ಗಡದವರಿಗೆ ಅದು ಅನ್ನದ ತಟ್ಟೆ ಎಳೆದ ಹಾಗೆ. ಸಾಮಾನಗಡದವರು ಬಾಗಿಲು ಹಾಕಿಕೊಂಡರು. ಭುದರಗಡ, ಪನ್ಹಾಳ ಎದ್ದವು. ಇಂಗ್ಲಿಷರ ಕರ್ನಲ್ ಓವನ್ಸ್‌ನನ್ನು ಹಿಡಿದು ಪನ್ಹಾಳದಲ್ಲಿ ಕೂಡಿಹಾಕಿದರು. ಜನರಲ್ ಡೆಲಮೊಟ್ 1844ರ ಅಕ್ಟೋಬರ್ 13ರಂದು ಸಾಮಾನಗಡವನ್ನು ಹತ್ತಿ ಗೆದ್ದ. ದಂಗೆ ಅಡಗಿದ ಮೇಲೆ ಗಡಗಳನ್ನು ಕೆಡವಿದರು, ವಂಶಪಾರಂಪರ್ಯದ ಕಾವಲು ರದ್ದು ಮಾಡಿದರು. ಜನ ಕೆಳಗಿಳಿದರು. ಗಡಕರಿ, ಕಿಲ್ಲೇದಾರ, ಹವಾಲ್ದಾರ ಅನ್ನುವ ಅಡ್ಡಹೆಸರುಗಳು ಮಾತ್ರ ಇನ್ನೂ ಈ ಸೀಮೆಯ ಶಾಲಾ ಹಾಜರಿಪುಸ್ತಕದಲ್ಲಿವೆ.

ಇಷ್ಟಾದ ಮೇಲೆ ತಂಗಿಯ ಮಗನನ್ನು ಕರೆದುಕೊಂಡು ಒಂದು ದಿನದ ಸಫರ್ ಹೊರಟೆ. ಗೈಡ್ ನಾನೇ. ಮಮದಾಪುರ ಬಿಟ್ಟಾಗ ಇನ್ನೂ ಕತ್ತಲೆ. ಕೊಣ್ಣೂರಿನಲ್ಲಿ ಇತಿಹಾಸಪೂರ್ವದ ಕಲ್ಲಿನ ಗೋರಿಗಳನ್ನು ಕಂಡೆವು. ಹುಕ್ಕೇರಿಯಲ್ಲಿ ಆದಿಲ್‌ಶಾಹಿ ಕಾಲದ ಗುಮ್ಮಟಗಳ ಮುಂದೆ ಬುತ್ತಿ ಬಿಚ್ಚಿದೆವು: ರೊಟ್ಟಿ, ಶೇಂಗಾ ಚಟ್ನಿ. ಮಧ್ಯಾಹ್ನ ಸಂಕೇಶ್ವರ ದಾಟಿ ವಲ್ಲಭಗಡ. ಹರಗಾಪುರಗಡ ಅಂತಲೂ ಅನ್ನುತ್ತಾರೆ. ಹೆದ್ದಾರಿಯಲ್ಲಿ ಕೊಲ್ಹಾಪುರಕ್ಕೆ ಹೋಗುವವರು ದಿನಾ ನೋಡಿ ಮರೆಯುವ ಗುಡ್ಡ.

ಮೇಲೆ ಬಾವಿಯ ಹತ್ತಿರ ಆಡು ಮೇಯಿಸುವ ಅಜ್ಜಿಯೊಬ್ಬರು ಕೂತಿದ್ದರು. ಏನು ಹುಡುಕುತ್ತೀರಿ ಅಂತ ಕೇಳಿದರು. ಹಿಂದೆ ಇಲ್ಲಿ ಯಾರು ಇದ್ದರು ಅಂತ ನೋಡುತ್ತಿದ್ದೇವೆ ಅಂದೆ. ಅಜ್ಜಿ ಎದ್ದು ಬಂದು, ದಡದ ಕಲ್ಲಿನ ಮೇಲಿನ ಗೆರೆಗಳನ್ನು ತೋರಿಸಿದರು. ಹಗ್ಗ ತಿಕ್ಕಿ ಸವೆದ ಗೆರೆ. ನನ್ನ ಹೆಬ್ಬೆರಳು ಅದರಲ್ಲಿ ಅರ್ಧ ಮುಳುಗಿತು.

“ಸಿಪಾಯಿ ಒಬ್ಬಾವ ಕುಡಿಯಾಕ ಎಷ್ಟ ನೀರ ಸೇದತಾನೋ ತಮ್ಮಾ? ಇದು ಹೆಣ್ಮಕ್ಳ ಸೇದಿದ್ದು. ಅಡಗಿ, ಒಗ್ಯಾಣ, ಕೂಸು, ದನ.”

ನನ್ನ ಎರಡು ವರ್ಷದ ಟಿಪ್ಪಣಿಯಲ್ಲಿ ಒಂದು ಹೆಣ್ಣಿನ ಹೆಸರೂ ಇರಲಿಲ್ಲ. ತಂಗಿಯ ಮಗ ಆ ಗೆರೆಗಳ ಫೋಟೋ ತೆಗೆದುಕೊಂಡ. ಕತ್ತಲಾಗುವ ಮೊದಲು ಇಳಿದೆವು.

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಮನೆಗಳಲ್ಲಿ ಗಡದ ಚಾಕರಿಯ ಸನದು, ಹೊಲದ ಹಳೆಯ ಉತಾರ, ಓದಲು ಬಾರದ ಮೋಡಿ ಕಾಗದ ಇದ್ದರೆ ದಯವಿಟ್ಟು ಒಲೆಗೆ ಹಾಕಬೇಡಿ, ರದ್ದಿಗೂ ಕೊಡಬೇಡಿ. ಮಡಿಕೆ ಬಿಚ್ಚಿ, ಬೆಳಕಿನಲ್ಲಿ ಫೋಟೋ ತೆಗೆದು, ಯಾವ ಊರು, ಯಾವ ಹೊಳೆ ಎಂದು ಹಿಂದೆ ಬರೆದಿಡಿ. ಮನೆಯ ಹಿರಿಯ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು, ಅವರ ಅಜ್ಜಿ ಯಾವ ಗಡದಿಂದ ಇಳಿದು ಬಂದವರು ಅಂತಲೂ ಒಮ್ಮೆ ಕೇಳಿ.