ಕಲ್ಯಾಣದ ಗೀತವಿನೋದ

ಹುಮನಾಬಾದಿನಲ್ಲಿ ನಾನು ಶಿಕ್ಷಕನಾಗಿದ್ದ ದಿನಗಳಲ್ಲಿ ನಾಲ್ಕೈದು ಮಂದಿ ಸಂಗೀತಪ್ರಿಯರು ಶನಿವಾರ ರಾತ್ರಿ ಒಬ್ಬ ಗೆಳೆಯರ ಮನೆಯಲ್ಲಿ ಸೇರುತ್ತಿದ್ದೆವು. ಮೊದಲು ಬಾನುಲಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮವನ್ನು ಕೇಳುವುದು, ಅದು ಮುಗಿದ ಮೇಲೆ ಒಬ್ಬೊಬ್ಬರು ತಮಗೆ ಮೆಚ್ಚಿಗೆಯಾದ ಒಂದೊಂದು ತಟ್ಟೆಯನ್ನು ಗ್ರಾಮಾಫೋನಿಗೆ ಹಾಕುವುದು, ಇದು ನಮ್ಮ ಪರಿಪಾಠ. ಒಬ್ಬರು ಮಲ್ಲಿಕಾರ್ಜುನ ಮನಸೂರರನ್ನು ತಂದರೆ ಇನ್ನೊಬ್ಬರು ಗಂಗೂಬಾಯಿ ಹಾನಗಲ್ಲರನ್ನು ತರುವರು. ನಾನು ಪ್ರತಿ ಬಾರಿಯೂ ಅಬ್ದುಲ್ ಕರೀಂ ಖಾನರ ಭೈರವಿಯ ಠುಮ್ರಿಯನ್ನೇ ಹಿಡಿದು ಹೋಗಿ ಗೆಳೆಯರ ನಗೆಗೆ ಗುರಿಯಾಗುತ್ತಿದ್ದೆ.

ಒಂದು ರಾತ್ರಿ ಆ ತಟ್ಟೆ ನಿಂತ ಮೇಲೆ ಮನೆಯ ಹಿರಿಯಳಾದ ಆಯಿ ಬಾಗಿಲ ಬಳಿಯಿಂದಲೇ ಮೆಲ್ಲಗೆ ಒಂದು ಕುಟ್ಟುವ ಪದವನ್ನು ಎತ್ತಿಕೊಂಡಳು. ಒನಕೆಯಿಲ್ಲ, ಒರಳಿಲ್ಲ, ಆದರೂ ಪ್ರತಿ ಸಾಲಿನ ಕೊನೆಗೆ ಒನಕೆ ಬೀಳುವ ಹೊತ್ತು ಅವಳ ಉಸಿರಿನಲ್ಲಿತ್ತು. ನಾನು ಕೂಡಲೇ ಕಾಗದ ತೆಗೆದು ಪದವನ್ನು ಬರೆದುಕೊಂಡೆ. ಆಕೆ ನಕ್ಕು, “ಬರಕೊಂಡ್ರ ಹಾಡು ಬರ್ತದೇನ್ರೀ ಮಾಸ್ತರ? ಕೂಡ ಕುಂತು ಹಾಡ್ಬೇಕು” ಎಂದಳು. ಮುಂದಿನ ವಾರ ಕಲಿಯುತ್ತೇನೆ ಎಂದೆ. ಆ ಮುಂದಿನ ವಾರ ಬರಲೇ ಇಲ್ಲ. ಆಯಿ ತೀರಿಕೊಂಡಳು. ಅವಳ ಪದ ಈಗಲೂ ನನ್ನ ಹಳೆಯ ಟಿಪ್ಪಣಿ ಪುಸ್ತಕದಲ್ಲಿದೆ. ಅಕ್ಷರಗಳೆಲ್ಲ ಇವೆ, ಧಾಟಿ ಮಾತ್ರ ನನಗೆ ನೆನಪಿಲ್ಲ.

ಈ ಮಾತನ್ನು ಇಲ್ಲಿ ಹೇಳಲು ಕಾರಣವಿದೆ. ಹುಮನಾಬಾದಿಗೆ ಸಮೀಪದಲ್ಲಿಯೇ ಇರುವ ಬಸವಕಲ್ಯಾಣದಲ್ಲಿ ಎಂಟುನೂರ ತೊಂಬತ್ತು ವರ್ಷಗಳಿಗೂ ಹಿಂದೆ ಒಬ್ಬ ಚಕ್ರವರ್ತಿ ಇದೇ ಕೆಲಸವನ್ನು ಬಹು ದೊಡ್ಡ ಪ್ರಮಾಣದಲ್ಲಿ ಮಾಡಿಟ್ಟಿದ್ದಾನೆ. ಆರನೆಯ ವಿಕ್ರಮಾದಿತ್ಯನ ಮಗ, ಸರ್ವಜ್ಞನೆಂದು ಬಿರುದಾಂತನಾದ ಮೂರನೆಯ ಸೋಮೇಶ್ವರನೇ ಆತ. ಶಕ 1051, ಎಂದರೆ ಕ್ರಿ.ಶ. 1129ರ ಸುಮಾರಿಗೆ ಅವನು ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಐದು ವಿಂಶತಿಗಳು, ನೂರು ಅಧ್ಯಾಯಗಳು. ರಾಜ್ಯವನ್ನು ಪಡೆಯುವ ಬಗೆಯಿಂದ ಹಿಡಿದು ಅಡುಗೆ, ಆನೆ, ರತ್ನ, ಚಿತ್ರಕಲೆಗಳವರೆಗೆ ಅರಸನೊಬ್ಬ ಅರಿಯಬೇಕಾದುದೆಲ್ಲ ಅಲ್ಲಿದೆ. ಅದರ ವಿನೋದಗಳ ಭಾಗದಲ್ಲಿ ಗೀತವಿನೋದ, ವಾದ್ಯವಿನೋದ, ನೃತ್ಯವಿನೋದಗಳು ಬರುತ್ತವೆ.

ಗೀತವಿನೋದವನ್ನು ಶಾಸ್ತ್ರಗ್ರಂಥವೆಂದು ಓದುವುದುಂಟು. ನನಗೆ ಅದು ತಾನು ಕೇಳಿ ಸಂತೋಷಪಟ್ಟ ಹಾಡುಗಳನ್ನು ಇತರರ ಮುಂದಿಡುವ ರಸಿಕನ ಮಾತಿನಂತೆ ತೋರುತ್ತದೆ. ಬೇರೆ ಬೇರೆ ದೇಶಭಾಷೆಗಳ ಹಾಡುಗಳು ಅಲ್ಲಿ ಸೇರಿವೆ. ಕನ್ನಡವಿದೆ, ಮರಾಠಿಯೂ ಇದೆ. ಅರಸನ ಕಿವಿ ಆಸ್ಥಾನದಲ್ಲಿಯೇ ನಿಲ್ಲಲಿಲ್ಲವೆಂಬುದು ಇನ್ನೂ ದೊಡ್ಡ ಮಾತು. ಕಥೆ ಹೇಳುವಾಗ ಷಟ್ಪದಿ, ಮದುವೆಯಲ್ಲಿ ಧವಳ, ಯೋಗಿಗಳಿಗೆ ಚರ್ಯೆ ಎಂದು ಯಾವ ಹಾಡು ಎಲ್ಲಿ ಹಾಡತಕ್ಕದ್ದೆಂಬುದನ್ನು ಅವನು ಹೇಳುತ್ತಾನೆ. ಮಹಾರಾಷ್ಟ್ರದ ಹೆಂಗಸರು ಕುಟ್ಟುವಾಗ ಹಾಡುವ ಓವಿಯನ್ನೂ ಬಿಟ್ಟಿಲ್ಲ. ಚಕ್ರವರ್ತಿಯ ಗ್ರಂಥದಲ್ಲಿ ಒನಕೆಯ ಹಾಡಿಗೂ ಜಾಗ ಸಿಕ್ಕಿತು! ಅದನ್ನು ಓದಿದಂದು ನನಗೆ ಆಯಿಯ ನೆನಪಾಗದೆ ಹೇಗಿದ್ದೀತು?

ತಂದೆಯ ಈ ಒಲವು ಮಗನಿಗೂ ಬಂದಿತು. 1138ರಲ್ಲಿ ಪಟ್ಟವೇರಿದ ಇಮ್ಮಡಿ ಜಗದೇಕಮಲ್ಲ ‘ಸಂಗೀತ ಚೂಡಾಮಣಿ’ಯನ್ನು ರಚಿಸಿದ. ಅದು ಇಂದು ನಮಗೆ ಪೂರ್ಣವಾಗಿ ದೊರೆತಿಲ್ಲ. ಕಲ್ಯಾಣದ ಚಾಲುಕ್ಯರ ವೈಭವ ಅಳಿದ ಮೇಲೆ, ಹದಿಮೂರನೆಯ ಶತಮಾನದಲ್ಲಿ, ದೇವಗಿರಿಯ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವ ‘ಸಂಗೀತ ರತ್ನಾಕರ’ವನ್ನು ಬರೆದಾಗ ಪೂರ್ವಾಚಾರ್ಯರ ಸಾಲಿನಲ್ಲಿ ಸೋಮೇಶ, ಜಗದೇಕ ಎಂಬ ಹೆಸರುಗಳನ್ನು ಸ್ಮರಿಸಿದ. ಹಿಂದುಸ್ತಾನಿ, ಕರ್ನಾಟಕ ಎಂಬ ಎರಡು ಪದ್ಧತಿಗಳವರೂ ತಮ್ಮದೆಂದು ಗೌರವಿಸುವ ಗ್ರಂಥವದು. ಹೀಗೆ ಕಲ್ಯಾಣದ ತಂದೆಮಕ್ಕಳ ಹೆಸರು ಉಳಿಯಿತು.

ಹೆಸರು ಉಳಿಯಿತು, ಲಕ್ಷಣ ಉಳಿಯಿತು, ಗಾನ ಉಳಿಯಿತೆ? ಸೋಮೇಶ್ವರ ಮೆಚ್ಚಿದ ಹಾಡನ್ನು ಅವನು ಕೇಳಿದ ಹಾಗೆ ನಾವು ಕೇಳಲಾರೆವು. ರಾಗಗಳ ಹೆಸರು ಅವೇ ಇದ್ದರೂ ಅವುಗಳ ರೂಪ ಕಾಲದಿಂದ ಕಾಲಕ್ಕೆ ಬದಲಾಗಿದೆ. ನನ್ನ ಟಿಪ್ಪಣಿ ಪುಸ್ತಕದ ಗತಿಯೂ ಚಕ್ರವರ್ತಿಯ ಮಹಾಗ್ರಂಥದ ಗತಿಯೂ ಈ ಮಟ್ಟಿಗೆ ಒಂದೇ.

ಆದರೆ ಇದೇ ಸೀಮೆಯಲ್ಲಿ ಬೇರೊಂದು ಬಗೆಯ ಉಳಿವೂ ಇದೆ. ಕಲ್ಯಾಣದ ಸಮೀಪದ ಲಾಡವಂತಿಯಲ್ಲಿ 1817ರಲ್ಲಿ ಜನಿಸಿ, ಕಲ್ಯಾಣದಲ್ಲಿ ಸೋದರಮಾವನ ಮನೆಯಲ್ಲಿ ಬೆಳೆದ ಮಾಣಿಕಪ್ರಭುಗಳು 1845ರಲ್ಲಿ ಹುಮನಾಬಾದಿನ ಬಳಿ ಮಾಣಿಕನಗರದಲ್ಲಿ ನೆಲೆಸಿದರು. 1865ರಲ್ಲಿ ಸಮಾಧಿಸ್ಥರಾಗುವವರೆಗೆ ಅವರು ಮರಾಠಿ, ಹಿಂದಿ, ಕನ್ನಡ, ಸಂಸ್ಕೃತಗಳಲ್ಲಿ ಪದಗಳನ್ನು ರಚಿಸಿದರು. ಈ ಗಡಿನಾಡಿನ ಮನುಷ್ಯನಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು; ಬೆಳಗಿನಿಂದ ಸಂಜೆಯೊಳಗೆ ಅವನ ನಾಲಗೆಯೂ ಮೂರು ಭಾಷೆಗಳನ್ನು ಮುಟ್ಟಿ ಬರುತ್ತದೆ. ಎಲ್ಲ ಮತಗಳನ್ನೂ ಆದರಿಸುವ ಸಕಲಮತವೆಂಬ ಅವರ ಸಂಪ್ರದಾಯಕ್ಕೆ ಹಿಂದೂಗಳೂ ಮುಸಲ್ಮಾನರೂ ಒಲಿದು ಬಂದರು. ಭಕ್ತರೊಡನೆ ಸಂಗೀತಗಾರರೂ ಬಂದರು. ದತ್ತಜಯಂತಿಯ ಉತ್ಸವದಲ್ಲಿ ನಡೆಯುವ ದರಬಾರಿಗೂ ಸಂಗೀತಕ್ಕೂ ಬಿಡಿಸಲಾಗದ ನಂಟು.

ನಾನು ಆ ಸಭೆಯಲ್ಲಿ ಕುಳಿತು ಕೇಳಿದ್ದೇನೆ. ಪಳಗಿದ ಗಾಯಕ ಪದವೊಂದನ್ನು ಎತ್ತಿಕೊಂಡರೆ ಸ್ವರಜ್ಞಾನವಿಲ್ಲದ ರೈತನೂ ಪಲ್ಲವಿಗೆ ದನಿಗೂಡಿಸುತ್ತಾನೆ. ತಾಯಿಯ ಮಡಿಲಲ್ಲಿರುವ ಕೂಸು ತಾಳದ ಸದ್ದಿಗೆ ಕಣ್ಣರಳಿಸುತ್ತದೆ. ಆ ಪದಗಳೂ ಪುಸ್ತಕವಾಗಿವೆ, ನಿಜ. ಆದರೆ ಅವು ಉಸಿರಾಡುತ್ತಿರುವುದು ಪುಸ್ತಕದಲ್ಲಲ್ಲ. ವರ್ಷ ವರ್ಷವೂ ಹಾಡುವವರಿದ್ದಾರೆ, ಅವರ ಬಳಿ ಕೂತು ಕೇಳುವವರಿದ್ದಾರೆ, ಕೇಳಿದವರಲ್ಲಿ ಒಬ್ಬಿಬ್ಬರು ಮರುವರ್ಷ ಹಾಡುತ್ತಾರೆ.

ಸೋಮೇಶ್ವರನನ್ನು ಕಡಿಮೆ ಮಾಡಿ ಹೇಳುವುದು ನನ್ನ ಉದ್ದೇಶವಲ್ಲ. ಅವನು ಬರೆದಿಡದಿದ್ದರೆ ಹನ್ನೆರಡನೆಯ ಶತಮಾನದ ಹೆಂಗಸರು ಕುಟ್ಟುತ್ತ ಹಾಡುತ್ತಿದ್ದರೆಂಬುದಕ್ಕೆ ಅರಸನೊಬ್ಬನ ಸಾಕ್ಷ್ಯ ನಮಗೆ ಎಲ್ಲಿಂದ ದೊರೆಯುತ್ತಿತ್ತು? ಬರೆದಿಡಬೇಕು. ಆದರೆ ಬರೆದಿಟ್ಟೆವೆಂದು ನಿಶ್ಚಿಂತರಾಗಿ ಕೂರಬಾರದು. ಮೆಚ್ಚಿದ ಹಾಡನ್ನು ಪೆಟ್ಟಿಗೆಯಲ್ಲಿಡದೆ ಇನ್ನೊಬ್ಬರ ಕಿವಿಗೆ ಹಾಕಬೇಕು. ಸಾಧ್ಯವಾದರೆ ಬಾಯಿಗೂ ಹಾಕಬೇಕು.

ನಮ್ಮ ಶನಿವಾರದ ಕೂಟ ಎಂದೋ ಚದುರಿಹೋಯಿತು. ಠುಮ್ರಿಯ ತಟ್ಟೆ ಇನ್ನೂ ನನ್ನಲ್ಲಿದೆ. ಮೊಮ್ಮಗಳು ಕೇಳಿದಾಗಲೆಲ್ಲ ಹಾಕುತ್ತೇನೆ. ಮೊನ್ನೆ ಅವಳು ಹಳೆಯ ಟಿಪ್ಪಣಿ ಪುಸ್ತಕವನ್ನು ತಿರುವಿ ಆಯಿಯ ಪದದ ಬಳಿ ನಿಂತು, “ಅಜ್ಜಾ, ಇದನ್ನ ಹೆಂಗ ಹಾಡ್ತಾರ?” ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ.

(ಬಾನುಲಿ ಭಾಷಣ)