ಇಂಗ್ಲಿಷ್ ಸಂಖ್ಯಾಪದಗಳ ಬೋಧನೆಯಲ್ಲಿ ಆಟದ ಸ್ಥಾನ: ಒಂದು ಐತಿಹಾಸಿಕ ವಿವೇಚನೆ

ಇಂಗ್ಲಿಷನ್ನು ಹೊಸದಾಗಿ ಕಲಿಯತೊಡಗಿದ ಮಕ್ಕಳಿಗೆ ಆ ಭಾಷೆಯ ಸಂಖ್ಯಾಪದಗಳನ್ನು ಹಾಡು, ಕುಣಿತ, ಆಟಗಳ ಮೂಲಕ ಹೇಳಿಕೊಡಬೇಕೆಂಬ ಮಾತು ಶಿಕ್ಷಕರ ತರಬೇತಿಯ ಸಂದರ್ಭಗಳಲ್ಲಿ ಈಗ ಮೇಲಿಂದ ಮೇಲೆ ಕೇಳಿಬರುತ್ತದೆ. ಇದು ಪಾಶ್ಚಾತ್ಯ ದೇಶಗಳಿಂದ ಈಚೆಗೆ ಬಂದ ವಿಚಾರವೆಂಬ ಭಾವನೆಯೂ ಅದರೊಡನೆ ಹಬ್ಬಿದೆ. ಈ ಭಾವನೆ ಇತಿಹಾಸಕ್ಕೆ ಸಮ್ಮತವಾದುದಲ್ಲ. ಲೆಕ್ಕವನ್ನು ಆಟದಂತೆ ಕಲಿಯುವ ಪದ್ಧತಿಗೆ ನಮ್ಮ ನಾಡಿನಲ್ಲಿಯೇ ದೊರೆಯುವ ಹಳೆಯ ಸಾಕ್ಷ್ಯವೊಂದನ್ನು ಮುಂದಿಟ್ಟುಕೊಂಡು, ಆ ಪದ್ಧತಿ ಪರಭಾಷೆಯ ಸಂಖ್ಯಾಪದಗಳ ಕಲಿಕೆಗೆ ಎಷ್ಟರಮಟ್ಟಿಗೆ ಒದಗೀತು, ಎಲ್ಲಿ ಒದಗಲಾರದು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ವಿಷಯ ಅಲ್ಪವಾದುದೆಂದು ಕೆಲವರಿಗೆ ತೋರಬಹುದು. ಹದಿನೈದು ರೂಪಾಯಿ ಐವತ್ತೆಂದು ಕೇಳಿಸಿದವನಿಗೆ, ಔಷಧದ ಹನಿಗಳ ಎಣಿಕೆಯನ್ನು ತಪ್ಪು ತಿಳಿದ ತಾಯಿಗೆ ಅದು ಅಲ್ಪವಲ್ಲ. ಅನ್ಯಭಾಷೆಯ ಮಾತಿನಲ್ಲಿ ಮೊದಲು ಬೇಕಾಗುವುದೂ, ತಪ್ಪಿದರೆ ಕೂಡಲೆ ನಷ್ಟ ತರುವುದೂ ಸಂಖ್ಯೆಯೇ.

ರೋಮ್ ನಗರದ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯು ೧೬೨೩ನೆಯ ಇಸವಿಯ ನವೆಂಬರ್ ತಿಂಗಳಲ್ಲಿ, ಗೋವೆಯ ಪೋರ್ಚುಗೀಸರು ಇಕ್ಕೇರಿಯ ವೆಂಕಟಪ್ಪನಾಯಕನಲ್ಲಿಗೆ ಕಳುಹಿಸಿದ ರಾಯಭಾರಿಯ ಜೊತೆಗೂಡಿ, ಹೊನ್ನಾವರದಿಂದ ಗೇರುಸೊಪ್ಪೆಯ ಮಾರ್ಗವಾಗಿ ಘಟ್ಟವನ್ನೇರಿದನು. ದಾರಿಯಲ್ಲಿ ಒಂದು ದೇವಾಲಯದ ಮುಖಮಂಟಪದಲ್ಲಿ ನಾಲ್ವರು ಬಾಲಕರು ಲೆಕ್ಕ ಕಲಿಯುತ್ತಿದ್ದುದನ್ನು ಕಂಡು ಕುತೂಹಲದಿಂದ ನೋಡುತ್ತ ಕುಳಿತನು. ನೆಲದ ಮೇಲೆ ನುಣ್ಣನೆಯ ಮರಳನ್ನು ಹರಡಿದ್ದಿತು. ಒಬ್ಬ ಬಾಲಕನು ಪಾಠದ ಒಂದು ತುಣುಕನ್ನು ರಾಗವಾಗಿ ಹಾಡುತ್ತ, ಹಾಡಿದುದನ್ನೇ ಬೆರಳಿನಿಂದ ಮರಳಿನಲ್ಲಿ ಬರೆಯುವನು. ಉಳಿದವರೂ ಅದನ್ನೇ ಹಾಡುತ್ತ ಬರೆಯುವರು. ನೆಲ ತುಂಬಿದೊಡನೆ ಬರೆದುದನ್ನು ಅಳಿಸಿ, ಪಕ್ಕದ ಗುಪ್ಪೆಯಿಂದ ಮತ್ತಷ್ಟು ಮರಳು ತಂದು ಹರಡಿ ಮುಂದುವರಿಯುವರು. ಒಂದೊಂದಲ ಒಂದು ಎಂದು ಮಗ್ಗಿ ಹೇಳಿ ಬೆಳೆದ ಯಾವ ಕನ್ನಡಿಗನಿಗೂ ಆ ರಾಗ ಯಾವುದಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ.

ಅಲ್ಲಿ ಗುರುವಿರಲಿಲ್ಲ. ಪಾಠ ಮರೆತರೆ, ತಪ್ಪಿದರೆ ತಿದ್ದುವವರು ಯಾರೆಂದು ಆ ಪ್ರವಾಸಿ ಕೇಳಿದನು. ನಾಲ್ವರೂ ಒಂದೇ ಸ್ಥಳದಲ್ಲಿ ತಪ್ಪುವುದು ಸಾಧ್ಯವಿಲ್ಲ. ಒಬ್ಬನು ತಪ್ಪಿದರೆ ಮಿಕ್ಕವರು ತಿದ್ದುತ್ತಾರೆ. ಕೂಡಿ ಕಲಿಯುವುದು ಅದಕ್ಕಾಗಿಯೇ ಎಂಬುದು ಬಾಲಕರು ಕೊಟ್ಟ ಉತ್ತರದ ತಾತ್ಪರ್ಯ. ದೆಲ್ಲಾ ವಾಲ್ಲೆಗೆ ಇದು ಸುಲಭವೂ ಸುಭದ್ರವೂ ಆದ ವಿಧಾನವಾಗಿ ತೋರಿತು. ನಮಗಾದರೂ ಈ ಉತ್ತರ ವಿನೋದದ ಮಾತಾಗಿ ತೋರುವುದಿಲ್ಲ. ಶಿಕ್ಷಣದ ಒಂದು ಮೂಲತತ್ತ್ವವೇ ಅದರಲ್ಲಿ ಅಡಗಿದೆ. ಆ ತತ್ತ್ವಕ್ಕೆ ಒಂದು ಷರತ್ತೂ ಇದೆ. ಅದನ್ನು ಮುಂದೆ ನೋಡುವೆವು.

ಇದಾದ ಸರಿಯಾಗಿ ಇನ್ನೂರು ವರ್ಷಗಳ ಮೇಲೆಯೂ ಮರಳು ಹಾಗೆಯೇ ಉಳಿದಿದ್ದಿತು. ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ೧೮೨೨ರಲ್ಲಿ ತನ್ನ ಪ್ರಾಂತದ ದೇಶೀಯ ಶಾಲೆಗಳ ಸ್ಥಿತಿಯನ್ನು ಕುರಿತು ವರದಿ ಕೇಳಿದಾಗ, ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ೧೮೨೩ರಲ್ಲಿ ಸಲ್ಲಿಸಿದ ವರದಿ ಈ ಬಗೆಯ ದಾಖಲೆಗಳಲ್ಲಿ ಅತ್ಯಂತ ಬೆಲೆಯುಳ್ಳದ್ದು. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಇಂದಿನ ಅನಂತಪುರದ ಸೀಮೆಯೂ ಸೇರಿದ್ದಿತೆಂಬುದನ್ನು ನೆನಪಿನಲ್ಲಿಡಬೇಕು. ಜಿಲ್ಲೆಯ ೫೩೩ ಶಾಲೆಗಳಲ್ಲಿ ೨೩೫ ಕನ್ನಡದವು, ೨೨೬ ತೆಲುಗಿನವು. ಇಂಗ್ಲಿಷ್ ಶಾಲೆ ಒಂದೇ ಒಂದು. ಮಕ್ಕಳು ಬೆರಳಿನಿಂದ ಮರಳಿನ ಮೇಲೆ ತಿದ್ದುವುದು, ಮುಂದುವರಿದ ಹುಡುಗರು ಹಿಂದಿನವರಿಗೆ ಪಾಠ ಹೇಳುವುದು, ಇವನ್ನು ಆತನು ಮೆಚ್ಚಿ ಬರೆದಿದ್ದಾನೆ.

ಬೆಳಗ್ಗೆ ಶಾಲೆಗೆ ಬರುವ ಕ್ರಮವನ್ನು ಕುರಿತು ಆತನು ಕೊಡುವ ವಿವರ ಇನ್ನೂ ಸ್ವಾರಸ್ಯವಾಗಿದೆ. ಮೊದಲು ಬಂದವನ ಅಂಗೈಯಲ್ಲಿ ಗೌರವದ ಗುರುತಾಗಿ ಸರಸ್ವತಿಯ ಹೆಸರು. ಎರಡನೆಯವನ ಅಂಗೈಯಲ್ಲಿ, ಹೊಗಳಿಕೆಗೂ ತೆಗಳಿಕೆಗೂ ಪಾತ್ರನಲ್ಲವೆಂದು, ಒಂದು ಸೊನ್ನೆ. ಮೂರನೆಯವನಿಗೆ ಒಂದು ಮೆಲುಪೆಟ್ಟು, ನಾಲ್ಕನೆಯವನಿಗೆ ಎರಡು, ಹೀಗೆ ಬರಬರುತ್ತ ಒಂದೊಂದು ಹೆಚ್ಚು. ಏಳನೆಯವನಾಗಿ ಬಂದರೆ ಐದು ಪೆಟ್ಟು ಎಂಬ ವ್ಯವಕಲನವನ್ನು ಬಳ್ಳಾರಿಯ ಮಕ್ಕಳು ಬಹಳ ಬೇಗ ಕಲಿತಿರಬೇಕು! ಈ ಪೆಟ್ಟನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಸೊನ್ನೆಯೆಂದರೇನು, ಒಂದು ಎಂಬುದಕ್ಕೂ ಒಂದನೆಯದು ಎಂಬುದಕ್ಕೂ ಭೇದವೇನು ಎಂಬುದು ಅಲ್ಲಿ ಪುಸ್ತಕದ ಮಾತಾಗಿರಲಿಲ್ಲ. ಮೈಗೇ ತಿಳಿಯುವ ಸಂಗತಿಯಾಗಿದ್ದಿತು.

ಈ ದೇಶೀಯ ಪದ್ಧತಿಯನ್ನು ಇಂಗ್ಲೆಂಡು ಅನುಕರಿಸಿದುದು ಉಚಿತವೇ ಆಯಿತೆಂದು ಕ್ಯಾಂಪ್‌ಬೆಲ್ ಹೇಳುತ್ತಾನೆ. ಆತನ ಮನಸ್ಸಿನಲ್ಲಿದ್ದುದು ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿಯಿಂದ ಆರಂಭವಾದ ಚಳುವಳಿ. ೧೭೮೯ರಿಂದ ೧೭೯೬ರವರೆಗೆ ಮದ್ರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳ ಶಾಲೆಯ ಮೇಲ್ವಿಚಾರಕನಾಗಿದ್ದ ಬೆಲ್, ಮಲಬಾರಿನ ರೀತಿಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು, ಅದನ್ನೂ ಹಿರಿಯ ಹುಡುಗರಿಂದ ಕಿರಿಯರಿಗೆ ಪಾಠ ಹೇಳಿಸುವ ಕ್ರಮವನ್ನೂ ತನ್ನ ಶಾಲೆಯಲ್ಲಿ ಜಾರಿಗೆ ತಂದನು. ೧೭೯೭ರಲ್ಲಿ ಲಂಡನ್ನಿನಲ್ಲಿ ಅದರ ವೃತ್ತಾಂತವನ್ನು ಪ್ರಕಟಿಸಿದನು. ಇಂಗ್ಲೆಂಡಿನ ಬಡಮಕ್ಕಳು ಮುಂದೆ ಅನೇಕ ವರ್ಷ ಮರಳಿನ ತಟ್ಟೆಗಳಲ್ಲಿ ಅಕ್ಷರ ಅಂಕಿಗಳನ್ನು ತಿದ್ದಿದುದು ಈ ಮೂಲದಿಂದ.

ಅಂಕಿಗಳ ಮಾತಿಗೆ ಬಂದರೆ, ಜನ ಇಂಗ್ಲಿಷ್ ಅಂಕಿಯೆಂದು ಕರೆಯುವ ಚಿಹ್ನೆಗಳು ಭಾರತದಲ್ಲಿ ಹುಟ್ಟಿ, ಅರಬರ ಮೂಲಕ ಯುರೋಪಿಗೆ ಹೋದವು. ಪೀಸಾ ನಗರದ ಲಿಯೊನಾರ್ಡೊ ೧೨೦೨ರಲ್ಲಿ ತನ್ನ ಗಣಿತಗ್ರಂಥವನ್ನು ಬರೆದಾಗ ಅವುಗಳನ್ನು ಭಾರತೀಯರ ಅಂಕಿಗಳೆಂದೇ ಕರೆದನು. ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪ ಎಂದು ನಮ್ಮ ಸಂವಿಧಾನದ ೩೪೩ನೆಯ ಅನುಚ್ಛೇದ ಹೇಳುವುದೂ ಇದೇ ಕಾರಣದಿಂದ. ಇಂಗ್ಲಿಷರೂ ಒಂದು ಕಾಲಕ್ಕೆ ಈ ಅಂಕಿಗಳ ಹೊಸ ವಿದ್ಯಾರ್ಥಿಗಳೇ. ರಾಬರ್ಟ್ ರೆಕಾರ್ಡ್ ಎಂಬವನು ೧೫೪೩ರಲ್ಲಿ ಪ್ರಕಟಿಸಿದ ಅಂಕಗಣಿತದ ಇಂಗ್ಲಿಷ್ ಪುಸ್ತಕ ಗುರುಶಿಷ್ಯರ ಸಂವಾದದ ರೂಪದಲ್ಲಿದೆ. ಲೇಖನಿಯ ಲೆಕ್ಕದೊಡನೆ ಬಿಲ್ಲೆಗಳನ್ನು ಜೋಡಿಸಿ ಮಾಡುವ ಲೆಕ್ಕವೂ ಕೈಬೆರಳುಗಳ ಎಣಿಕೆಯೂ ಅದರಲ್ಲಿವೆ. ೧೮೨೦ರಲ್ಲಿ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ಬಡಾವಣೆಯ ಶಿಶುಶಾಲೆಯನ್ನು ವಹಿಸಿಕೊಂಡ ಸ್ಯಾಮ್ಯುಅಲ್ ವಿಲ್ಡರ್‌ಸ್ಪಿನ್ ಮಣಿಗಳ ಚೌಕಟ್ಟು, ಚಪ್ಪಾಳೆ, ಹಾಡು, ಅಂಗಳದ ಆಟ ಇವೆಲ್ಲವನ್ನೂ ಎಣಿಕೆಯ ಪಾಠಕ್ಕೆ ಸೇರಿಸಿದನು. ಆದರೆ ೧೮೬೨ರ ಪರಿಷ್ಕೃತ ನಿಯಮಾವಳಿಯು ಸರ್ಕಾರದ ಅನುದಾನವನ್ನು ಓದು, ಬರೆಹ, ಲೆಕ್ಕಗಳ ವಾರ್ಷಿಕ ಪರೀಕ್ಷೆಗೆ ಕಟ್ಟಿಹಾಕಿದ ಮೇಲೆ ಶಾಲೆಗಳಲ್ಲಿ ಬಾಯಿಪಾಠಕ್ಕೆ ಮೇಲುಗೈಯಾಯಿತು. ಫಲಿತಾಂಶಕ್ಕೆ ತಕ್ಕ ಅನುದಾನವೆಂಬ ಆ ಪದ್ಧತಿ ಮದ್ರಾಸ್ ಮುಂಬಯಿ ಪ್ರಾಂತಗಳಿಗೂ ಬಂದಿತು. ನಮ್ಮ ದೇಶದಲ್ಲಿ ಇಂಗ್ಲಿಷ್ ಶಾಲೆಗಳು ಹೆಚ್ಚಿದುದು ೧೮೫೪ರ ವುಡ್ ನಿರೂಪದ ತರುವಾಯ, ಅಂದರೆ ಇದೇ ಕಾಲದಲ್ಲಿ. ಆಟದ ಇಂಗ್ಲೆಂಡು ನಮಗೆ ದೊರೆಯಲಿಲ್ಲ. ಪರೀಕ್ಷೆಯ ಇಂಗ್ಲೆಂಡು ದೊರೆಯಿತು.

ಈಗ ಘಟ್ಟದ ಬಾಲಕರ ಉತ್ತರಕ್ಕೆ ಹಿಂದಿರುಗೋಣ. ನಾಲ್ವರೂ ಒಂದೇ ಸ್ಥಳದಲ್ಲಿ ತಪ್ಪಲಾರರೆಂಬುದು ತಾಯ್ನುಡಿಯ ಮಗ್ಗಿಗೆ ನಿಜ. ಅಲ್ಲಿ ತಪ್ಪೆಂಬುದು ಒಬ್ಬೊಬ್ಬನ ಮರೆವು. ಒಬ್ಬನು ಮರೆತುದು ಇನ್ನೊಬ್ಬನಿಗೆ ನೆನಪಿರುತ್ತದೆ. ಪರಭಾಷೆಯ ಸಂಖ್ಯೆಯಲ್ಲಿ ಹಾಗಲ್ಲ. ಒಂದೇ ತಾಯ್ನುಡಿಯ ನಾಲ್ವತ್ತು ಮಕ್ಕಳು ಇಂಗ್ಲಿಷಿನಲ್ಲಿ ಎಡವುವುದು ಒಂದೇ ಕಲ್ಲಿಗೆ. ಆಗ ಎಲ್ಲರೂ ಕೂಡಿ ಹಾಡುವುದರಿಂದ ತಪ್ಪು ತಿದ್ದಿಕೊಳ್ಳುವುದಿಲ್ಲ, ಗಟ್ಟಿಯಾಗುತ್ತದೆ. ಒಂದರಿಂದ ನೂರರವರೆಗೆ ರಾಗವಾಗಿ ಒಪ್ಪಿಸಬಲ್ಲ ಹುಡುಗನನ್ನು ನಡುವೆ ತಡೆದು ಸೆವೆಂಟೀನ್ ಎಂದರೆಷ್ಟೆಂದು ಕೇಳಿದರೆ, ಅವನು ಮೊದಲಿನಿಂದ ಮೆಟ್ಟಲೇರಿ ಬರುವುದನ್ನು ಅಧ್ಯಾಪಕರೆಲ್ಲ ಬಲ್ಲರು. ಹಾಡಿದುದು ಕಲಿತಂತಾಗಲಿಲ್ಲ.

ಈ ಕಲ್ಲುಗಳು ಎಲ್ಲಿವೆ? ಕನ್ನಡದ ಹದಿಮೂರರಲ್ಲಿ ಹತ್ತು ಮೊದಲು, ಮೂರು ಆಮೇಲೆ. ಬರೆಯುವ ಕ್ರಮವೂ ಅದೇ. ಇಂಗ್ಲಿಷಿನ ಥರ್ಟೀನ್‌ನಲ್ಲಿ ಮೂರು ಮೊದಲು, ಹತ್ತು ಆಮೇಲೆ. ಕಿವಿಗೆ ಮೊದಲು ಬಿದ್ದುದನ್ನು ಮೊದಲು ಬರೆಯುವ ಮಗು ೧೩ಕ್ಕೆ ಬದಲು ೩೧ ಎಂದು ಬರೆದರೆ ಅದನ್ನು ದಡ್ಡತನವೆನ್ನಲಾಗದು. ಇಪ್ಪತ್ತು ದಾಟಿದೊಡನೆ ಇಂಗ್ಲಿಷು ತನ್ನ ಕ್ರಮವನ್ನು ತಿರುಗಿಸಿ ಕನ್ನಡದ ದಾರಿಗೆ ಬರುತ್ತದೆ. ಹಿಂದೆ ಆ ಭಾಷೆಯಲ್ಲೂ ಇಪ್ಪತ್ತನಾಲ್ಕನ್ನು ನಾಲ್ಕು ಮತ್ತು ಇಪ್ಪತ್ತು ಎನ್ನುವ ವಾಡಿಕೆಯಿದ್ದಿತು. ಜರ್ಮನ್ ಭಾಷೆಯಲ್ಲಿ ಇಂದಿಗೂ ಅದೇ ವಾಡಿಕೆ. ಇಂಗ್ಲಿಷು ಮೇಲಿನ ಸಂಖ್ಯೆಗಳಲ್ಲಿ ಅದನ್ನು ಬಿಟ್ಟು, ಹದಿಮೂರರಿಂದ ಹತ್ತೊಂಬತ್ತರವರೆಗೆ ಮಾತ್ರ ಉಳಿಸಿಕೊಂಡಿತು. ಇಲೆವೆನ್, ಟ್ವೆಲ್ವ್ ಎಂಬುವು ಈ ಯಾವ ಕ್ರಮಕ್ಕೂ ಸೇರದಂತೆ ಕಾಣುತ್ತವೆ. ಅವುಗಳ ಮೂಲಾರ್ಥ ಹತ್ತರ ಮೇಲೆ ಒಂದು ಉಳಿಯಿತು, ಎರಡು ಉಳಿಯಿತು ಎಂದು. ಹತ್ತು ಕಡ್ಡಿಗಳನ್ನು ಕಟ್ಟಿ ಬದಿಗಿಟ್ಟು, ಉಳಿದ ಒಂದನ್ನು ಎತ್ತಿ ಹಿಡಿದು ಆ ಪದವನ್ನು ಹೇಳಿಸಿದರೆ, ಶಬ್ದದ ಇತಿಹಾಸವೇ ಆಟವಾದಂತಾಯಿತು.

ಇದಕ್ಕಿಂತ ಕಠಿಣವಾದುದು ಥರ್ಟೀನ್, ಥರ್ಟಿಗಳ ಗೊಂದಲ. ಇಂಗ್ಲಿಷರು ಇವನ್ನು ಬಹುಮಟ್ಟಿಗೆ ಒತ್ತಿನಿಂದ ಬೇರ್ಪಡಿಸುತ್ತಾರೆ: ಮೊದಲನೆಯದರಲ್ಲಿ ಕೊನೆಯ ಭಾಗಕ್ಕೆ, ಎರಡನೆಯದರಲ್ಲಿ ಮೊದಲ ಭಾಗಕ್ಕೆ ಒತ್ತು. ಕನ್ನಡದಲ್ಲಿ ಒತ್ತು ಪದದ ಅರ್ಥವನ್ನು ಬದಲಿಸುವುದಿಲ್ಲವಾದ್ದರಿಂದ ನಮ್ಮ ಕಿವಿ ಅದಕ್ಕೆ ಹವಣಾಗಿಲ್ಲ. ಮುಂದೆ ನಾಮಪದ ಬಂದರೆ, ಹದಿಮೂರು ಜನ ಎನ್ನುವಲ್ಲಿ, ಥರ್ಟೀನ್‌ನ ಒತ್ತು ಕೂಡ ಮುಂದಕ್ಕೆ ಸರಿಯುತ್ತದೆ. ಆಗ ಗುರುತಾಗಿ ಉಳಿಯುವುದು ಮುಖ್ಯವಾಗಿ ಕೊನೆಯ ನಕಾರ. ಕನ್ನಡಿಗನು ಆ ನಕಾರಕ್ಕೆ ಉಕಾರ ಸೇರಿಸಿ ಥರ್ಟೀನು ಎನ್ನುತ್ತಾನೆ. ಉಚ್ಚಾರಣೆಯ ಪಂಡಿತರು ಇದನ್ನು ದೋಷವೆಂದು ತಿದ್ದುವರು. ಆದರೆ ಭೇದವನ್ನು ಕಾಪಾಡುವುದರಲ್ಲಿ ಈ ದೋಷ ಒತ್ತಿಗಿಂತ ಹೆಚ್ಚು ಕೆಲಸ ಮಾಡುತ್ತದೆಂದು ನಮ್ಮ ಅಭಿಪ್ರಾಯ. ಕನ್ನಡಿಗರ ತೊಡಕು ಹೇಳುವುದರಲ್ಲಿರುವುದಕ್ಕಿಂತ ಕೇಳುವುದರಲ್ಲಿ ಹೆಚ್ಚಾಗಿದೆ.

ಆದುದರಿಂದ ಇಂಗ್ಲಿಷ್ ಸಂಖ್ಯೆಗೆ ತಕ್ಕ ಆಟದಲ್ಲಿ ತಪ್ಪನ್ನು ತೋರಿಸುವ ಸಾಕ್ಷಿಯೊಂದು ಮಕ್ಕಳ ಕಂಠದ ಹೊರಗೆ ಇರಬೇಕು. ೧೯೩೯ರಿಂದ ೧೯೪೬ರವರೆಗೆ ಭಾರತದಲ್ಲಿದ್ದು ಅಡಯಾರು, ಕೊಡೈಕನಾಲುಗಳಲ್ಲಿ ಕೆಲಸಮಾಡಿದ ಮರಿಯಾ ಮಾಂಟೆಸ್ಸೊರಿಯವರು, ಉಪಕರಣವೇ ಮಗುವಿನ ತಪ್ಪನ್ನು ತೋರಿಸಿಕೊಡಬೇಕೆಂದು ಬಲವಾಗಿ ಪ್ರತಿಪಾದಿಸಿದರು. ಸೆಗ್ಯಾನನ ಹೆಸರಿನಿಂದ ಕರೆಯುವ ಅವರ ಹಲಗೆಯಲ್ಲಿ ೧೦ ಎಂಬ ಸಂಖ್ಯೆ ಸಾಲಾಗಿ ಅಚ್ಚಾಗಿರುತ್ತದೆ. ಅದರ ಸೊನ್ನೆಯ ಮೇಲೆ ೩ರ ಪಟ್ಟಿಯನ್ನು ಸರಿಸಿದರೆ ೧೩. ಕನ್ನಡದ ಮಗುವಿಗೆ ಹದಿಮೂರು ಅಲ್ಲಿ ಎಡದಿಂದ ಬಲಕ್ಕೆ ಕಾಣುತ್ತದೆ. ಈಗ ಸರಿಸಿದ ಪಟ್ಟಿಯನ್ನು ಮೊದಲು ಮುಟ್ಟಿ, ಆಮೇಲೆ ಹತ್ತನ್ನು ಮುಟ್ಟಿ ಥರ್ಟೀನ್ ಎಂದು ಹೇಳಿಸಿದರೆ, ಕ್ರಮದ ವ್ಯತ್ಯಾಸವನ್ನು ಕೈಯೇ ಕಲಿಸುತ್ತದೆ.

ಇದಕ್ಕೆ ದುಬಾರಿ ಉಪಕರಣವೂ ಬೇಕಿಲ್ಲ. ಮದುವೆಮನೆ, ಕ್ಲಬ್ಬುಗಳಲ್ಲಿ ಆಡುವ ತಂಬೋಲ ನಮ್ಮವರಿಗೆ ಚೆನ್ನಾಗಿ ಪರಿಚಿತವಾದುದು. ಹೆಸರು ಇಟಲಿಯದು; ಇಂಗ್ಲಿಷರ ಸೈನ್ಯದಲ್ಲಿಯೂ ಈ ಆಟ ರೂಢಿಯಲ್ಲಿದ್ದಿತು. ಒಂದರಿಂದ ತೊಂಬತ್ತರವರೆಗಿನ ಸಂಖ್ಯೆಗಳನ್ನು ಕೂಗುವವನು ಒನ್ ಅಂಡ್ ತ್ರೀ, ಥರ್ಟೀನ್. ತ್ರೀ ಅಂಡ್ ಝೀರೊ, ಥರ್ಟಿ ಎಂದು ಅಂಕಿಗಳನ್ನು ಬಿಡಿಸಿಯೂ ಕೂಡಿಸಿಯೂ ಹೇಳುತ್ತಾನೆ. ಗದ್ದಲದಲ್ಲಿ ತಪ್ಪು ಕೇಳಿಸೀತೆಂಬ ಅನುಭವದಿಂದ ಹುಟ್ಟಿದ ಉಪಾಯವಿದು. ರೈಲು ನಿಲ್ದಾಣದಲ್ಲಿ ಗಾಡಿಯ ಐದಂಕಿಯ ಸಂಖ್ಯೆಯನ್ನು ಬಿಡಿಬಿಡಿಯಾಗಿ ಸಾರುವುದೂ ಇದೇ ಜಾತಿಯದು. ಚೀಟಿಯ ರಚನೆಯನ್ನು ಗಮನಿಸಬೇಕು. ಅದರ ಒಂಬತ್ತು ಕಂಬಸಾಲುಗಳಲ್ಲಿ ಹದಿಮೂರು ಎರಡನೆಯದರಲ್ಲಿ, ಮೂವತ್ತು ನಾಲ್ಕನೆಯದರಲ್ಲಿ ಬರುತ್ತವೆ. ತಪ್ಪು ಕೇಳಿಸಿಕೊಂಡವನ ಬೆರಳು ತಪ್ಪು ಸಾಲಿಗೆ ಹೋಗುತ್ತದೆ. ಸಾಲು ತುಂಬಿತೆಂದು ಕೂಗಿದೊಡನೆ ಎಲ್ಲರೆದುರು ಪರಿಶೀಲನೆಯಾಗುತ್ತದೆ. ತರಗತಿಯಲ್ಲಿ ಇದನ್ನು ತುಸು ಬದಲಿಸಿ, ಮೊದಲು ಕೂಡಿಸಿದ ಹೆಸರನ್ನು ಮಾತ್ರ ಹೇಳಿ, ಮಕ್ಕಳು ಗುರುತು ಹಾಕಿದ ಮೇಲೆ ಬಿಡಿ ಅಂಕಿಗಳನ್ನು ಹೇಳುವುದು ಮೇಲು. ಮೊದಲೇ ಬಿಡಿಸಿ ಹೇಳಿದರೆ ಕಿವಿಗೆ ಕೆಲಸವೇ ಉಳಿಯುವುದಿಲ್ಲ.

ನಮ್ಮ ಚೌಕಾಬಾರದ ಬಗೆಗೆ ಕೆಲವರಿಗೆ ಅಭಿಮಾನವುಂಟು, ನಮಗೂ ಉಂಟು. ಆದರೆ ನಾಲ್ಕು ಕವಡೆಗಳಿಂದ ಬೀಳುವ ದೊಡ್ಡ ಸಂಖ್ಯೆ ಎಂಟು. ಮಕ್ಕಳು ನಿಜವಾಗಿ ಎಡವುವ ಸ್ಥಳಕ್ಕೆ ಆ ಆಟ ತಲಪುವುದೇ ಇಲ್ಲ. ಪ್ರತಿ ಗರದ ಮೇಲೆ ತನ್ನ ಒಟ್ಟು ಮೊತ್ತವನ್ನು ಇಂಗ್ಲಿಷಿನಲ್ಲಿ ಹೇಳಿದ ಹೊರತು ಕಾಯಿ ನಡೆಸಕೂಡದೆಂಬ ಕಟ್ಟಳೆ ಸೇರಿಸಿದರೆ ಪ್ರಯೋಜನವಾದೀತು.

ಇನ್ನೊಂದು ಮಾತು. ಕರ್ನಾಟಕದ ತರಗತಿಗಳಲ್ಲಿ ಒಂದೇ ತಾಯ್ನುಡಿಯ ಮಕ್ಕಳೇ ಇರುವುದು ಅಪರೂಪ. ಉರ್ದು ಮರಾಠಿಗಳಲ್ಲಿ ಹದಿಮೂರಕ್ಕೆ ಹೇಳುವ ಪದದಲ್ಲಿ ಇಂಗ್ಲಿಷಿನಂತೆ ಮೂರೇ ಮೊದಲು. ಆ ಮನೆಮಾತಿನ ಮಗುವಿಗೆ ಥರ್ಟೀನ್‌ನ ಕ್ರಮ ಸಹಜ. ಆದರೆ ಇಪ್ಪತ್ತೊಂದರಲ್ಲಿಯೂ ಅದರ ನುಡಿ ಒಂದನ್ನೇ ಮೊದಲು ಹೇಳುವುದರಿಂದ ಟ್ವೆಂಟಿ ಒನ್ ಅದಕ್ಕೆ ತೊಡಕು, ಕನ್ನಡ ತೆಲುಗು ಮಕ್ಕಳಿಗೆ ಸಲೀಸು. ಆಟಕ್ಕೆ ನಾಲ್ವರ ತಂಡ ಕಟ್ಟುವಾಗ ಅಧ್ಯಾಪಕರು ಎರಡು ಬಗೆಯ ಮನೆಮಾತಿನ ಮಕ್ಕಳನ್ನು ಬೆರೆಸಿ ಕೂರಿಸಿದರೆ, ನಾಲ್ವರೂ ಒಂದೇ ಸ್ಥಳದಲ್ಲಿ ತಪ್ಪುವ ಸಂಭವ ಕಡಮೆಯಾಗುತ್ತದೆ.