ರಾಯಚೂರಿನ ಕಥೆ ಬರ್ಲಿನ್‌ಗೆ ಒಯ್ದ ನಟೇಶ್ ಹೆಗಡೆ ಯಾರು?

ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ಓದುವ ರೂಢಿ ಇರುವವರಿಗೆ ಅಮರೇಶ ನುಗಡೋಣಿ ಹೆಸರು ಹೊಸದಲ್ಲ. ನಮ್ಮ ರಾಯಚೂರು ಜಿಲ್ಲೆಯ ಕಥೆಗಾರರು. ಇವರ ‘ಸವಾರಿ’ ಕಥೆಯಿಂದ ಗಿರೀಶ್ ಕಾಸರವಳ್ಳಿ 2010ರಲ್ಲಿ ‘ಕನಸೆಂಬೋ ಕುದುರೆಯನೇರಿ’ ಮಾಡಿದ್ದರು. 2025ರ ಫೆಬ್ರುವರಿಯಲ್ಲಿ ಜರ್ಮನಿಯ ಬರ್ಲಿನ್ ಚಿತ್ರೋತ್ಸವದ ಫೋರಂ ವಿಭಾಗದಲ್ಲಿ ತೋರಿಸಿದ ಕನ್ನಡ ಚಿತ್ರ ‘ವಾಘಚಿಪಾಣಿ’ಗೂ ನುಗಡೋಣಿಯವರ ಬರಹವೇ ಆಧಾರ. ಅದರ ನಿರ್ದೇಶಕ ನಟೇಶ್ ಹೆಗಡೆ.

ನಟೇಶ್ ಉತ್ತರ ಕನ್ನಡ ಜಿಲ್ಲೆಯ ಕೊಟ್ಟಳ್ಳಿಯವರು. ಕಾಡಿನ ನಡುವಿನ ಸಣ್ಣ ಊರು. ತಂದೆ ಗೋಪಾಲ ಹೆಗಡೆ ಎಲೆಕ್ಟ್ರಿಷಿಯನ್. ಮಗ ಸಿನಿಮಾ ಶಾಲೆ ಮೆಟ್ಟಿಲು ಹತ್ತಿದವರಲ್ಲ, ತಾವೇ ಮಾಡಿ ಮಾಡಿ ಕಲಿತವರು. ಮೊದಲು ‘ಕುರ್ಲಿ’ ಅಂತ ಒಂದು ಕಿರುಚಿತ್ರ. ಕುರ್ಲಿ ಅಂದ್ರೆ ಏಡಿ.

ದೊಡ್ಡ ಚಿತ್ರ ಅಂತ ಮೊದಲು ಬಂದದ್ದು ‘ಪೆಡ್ರೊ’. ನಿರ್ಮಾಪಕರು ರಿಷಬ್ ಶೆಟ್ಟಿ. 2021ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವಕ್ಕೆ ಆಯ್ಕೆ ಆಯ್ತು. ಕರೆಂಟ್ ರಿಪೇರಿ ಮಾಡಿಕೊಂಡು, ಕುಡಿದುಕೊಂಡು ಇರುವ ಪೆಡ್ರೊನ ಕೈಯಿಂದ ಅಕಸ್ಮಾತ್ ಒಂದು ಹಸು ಸಾಯುತ್ತೆ. ಅಲ್ಲಿಂದ ಊರೇ ಅವನ ಮೇಲೆ ತಿರುಗಿ ಬೀಳುತ್ತೆ. ಈ ಪಾತ್ರಕ್ಕೆ ನಟೇಶ್ ಹುಡುಕಿದ್ದು ಸ್ಟಾರ್ ನಟನನ್ನಲ್ಲ, ಸ್ವಂತ ಅಪ್ಪನನ್ನೇ ನಿಲ್ಲಿಸಿದರು. ದಿನಾ ಕಂಬ, ತಂತಿ ಹಿಡಿದ ಕೈ ಹೇಗಿರುತ್ತೆ ಅನ್ನೋದು ತೆರೆ ಮೇಲೆ ಹಾಗೇ ಕಾಣುತ್ತೆ.

ಇವರ ಚಿತ್ರ ನೋಡುವಾಗ ಮೊದಲು ಗಮನಕ್ಕೆ ಬರೋದು ಕ್ಯಾಮೆರಾ. ದೂರ ನಿಲ್ಲುತ್ತೆ, ಅಲುಗಾಡೋದು ಕಡಿಮೆ. ಮಾಮೂಲಿ ಸಿನಿಮಾದಲ್ಲಿ ಜಗಳ ಅಂದ್ರೆ ಸಿಟ್ಟಿನ ಮುಖ ತೆರೆ ತುಂಬಾ ಬರುತ್ತೆ. ಇಲ್ಲಿ ಮನುಷ್ಯ ಸಣ್ಣವನಾಗಿ ಒಂದು ಮೂಲೆಯಲ್ಲಿ, ಸುತ್ತ ಮರ, ಮಳೆ, ಮಬ್ಬು. ಜಗಲಿ ಮೇಲೆ ಕೂತವರು ಯಾರು, ಅಂಗಳದಲ್ಲಿ ನಿಂತವರು ಯಾರು, ಅಷ್ಟು ನೋಡಿದರೆ ಸಾಕು, ಊರಲ್ಲಿ ಯಾರ ಮಾತು ನಡೆಯುತ್ತೆ ಅಂತ ತಿಳಿಯುತ್ತೆ. ಒಂದೊಂದು ಶಾಟ್ ಬಹಳ ಹೊತ್ತು ನಡೆಯುತ್ತೆ. ಹಾಡು, ಫೈಟ್ ಬೇಕು ಅನ್ನುವವರಿಗೆ ಮೊದಲ ಅರ್ಧ ತಾಸು ಬೇಸರ ಬರಬಹುದು, ಸುಳ್ಳು ಯಾಕೆ ಹೇಳೋದು.

ಎರಡೂ ಚಿತ್ರಕ್ಕೆ ಛಾಯಾಗ್ರಾಹಕ ವಿಕಾಸ್ ಅರಸ್. ಮೊಬೈಲಲ್ಲೇ ಸಿನಿಮಾ ತೆಗೆಯುವ ಈ ಕಾಲದಲ್ಲಿ ‘ವಾಘಚಿಪಾಣಿ’ಯನ್ನು 16 ಎಂಎಂ ರೀಲಿನಲ್ಲಿ ತೆಗೆದಿದ್ದಾರೆ. ರೀಲು ಅಂದ್ರೆ ಪ್ರತಿ ಟೇಕಿಗೂ ದುಡ್ಡು, ತಪ್ಪಿದರೆ ಅಳಿಸಿ ಅದರ ಮೇಲೇ ಮತ್ತೆ ತೆಗೆಯೋ ಹಾಗಿಲ್ಲ.

ಕಥೆಗಾರರು ಬಯಲುಸೀಮೆಯವರು, ಚಿತ್ರ ನಡೆಯೋದು ಮಲೆನಾಡಲ್ಲಿ. ಆದರೂ ನಮ್ಮವರಿಗೆ ಪರಕೀಯ ಅನಿಸಲಿಕ್ಕಿಲ್ಲ. ಊರಿನ ದೊಡ್ಡ ಕುಳ ಪ್ರಭು ಎಲೆಕ್ಷನ್‌ಗೆ ನಿಂತಿದ್ದಾನೆ. ಅದೇ ಹೊತ್ತಿಗೆ ಅವನ ಮನೆಯಲ್ಲಿ ದುಡಿಯುವ ಹುಡುಗಿ ಪಾತಿ ಗರ್ಭಿಣಿ ಅಂತ ಗೊತ್ತಾಗುತ್ತೆ. ಓಟು ಮುಖ್ಯವೋ, ಹುಡುಗಿಗೆ ನ್ಯಾಯವೋ? ಇಂಥ ಹೊತ್ತಲ್ಲಿ ಯಾರ ಬಾಯಿ ಮುಚ್ಚಿಸ್ತಾರೆ ಅಂತ ಇಲ್ಲಿನ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಪ್ರಭು ಆಗಿ ಅಚ್ಯುತ್ ಕುಮಾರ್ ಇದ್ದಾರೆ. ಮಲಯಾಳಂನ ದಿಲೀಶ್ ಪೋತನ್ ಕೂಡ ಒಂದು ಪಾತ್ರ ಮಾಡಿದ್ದಾರೆ. ಪ್ರಭುವಿನ ತಮ್ಮ ವೆಂಕಟಿಯಾಗಿ ನಟೇಶ್ ತಾವೇ ಬಣ್ಣ ಹಚ್ಚಿದ್ದಾರೆ. ಅಪ್ಪ ಗೋಪಾಲ ಹೆಗಡೆ ಈ ಸಲವೂ ಇದ್ದಾರೆ.